ದತ್ತು ಬಂದ ದೇಸಾಯಿಯ ಉಯಿಲು

ದಾವಣಗೆರೆ ಪೇಟೆ ಬೆಳೆದದ್ದು ವಾರಸುದಾರನಿಲ್ಲದ ಒಬ್ಬ ಜಹಗೀರುದಾರನ ಕಾಲದಲ್ಲಿ. ಹೈದರಾಲಿ ಈ ಊರನ್ನು ಅಪ್ಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರು ಹಾಕಿಕೊಟ್ಟ. ಅವನು ವ್ಯಾಪಾರಿಗಳನ್ನು ಕರೆದು ನೆಲೆಗೊಳಿಸಿದ, ಮಕ್ಕಳಿಲ್ಲದೆ ತೀರಿಕೊಂಡ. ಜಹಗೀರು ಹೋದರೂ ಪೇಟೆ ಉಳಿಯಿತು. ಮುಂದೆ ಇಲ್ಲಿ ವಿದ್ಯೆಗೆ ಕೈಬಿಚ್ಚಿ ಕೊಟ್ಟವರಲ್ಲಿ ವರ್ತಕರೇ ಹೆಚ್ಚು, ಡಿ.ಆರ್.ಎಂ. ಕಾಲೇಜಿನ ಹೆಸರಿನೊಳಗೆ ರಾಜನಹಳ್ಳಿ ಮದ್ದೂರಾಯಪ್ಪನವರಿದ್ದಾರೆ. ಆದರೆ ಭೂಮಿಯನ್ನೇ ನೆಚ್ಚಿದ ದೊಡ್ಡ ಮನೆತನವೊಂದು ತನ್ನ ಸರ್ವಸ್ವವನ್ನೂ ವಿದ್ಯೆಗೆ ಬಿಟ್ಟುಕೊಟ್ಟ ಕತೆ ಬೇಕೆಂದರೆ ಪಿ.ಬಿ. ರಸ್ತೆ ಹಿಡಿದು ಹರಿಹರ, ಹುಬ್ಬಳ್ಳಿ, ಧಾರವಾಡ ದಾಟಿ ಸವದತ್ತಿ ಸೀಮೆಯ ಶಿರಸಂಗಿಗೆ ಹೋಗಬೇಕು. ಹೊಲಗಳೆಲ್ಲ ಸೈಟುಗಳಾಗಿ, ಪಾಲುಪಟ್ಟಿಯ ಮಾತು ಮನೆಮನೆಯಲ್ಲೂ ಕೇಳುತ್ತಿರುವ, ದಾವಣಗೆರೆ ಮಗ್ಗುಲಿನ ಆವರಗೆರೆಯಂಥ ಊರಿನವರಿಗೆ ಈ ಕತೆ ಹತ್ತಿರದ್ದು.

ದೇಸಾಯಿ ಎಂದರೆ ಬರೀ ಶ್ರೀಮಂತ ಜಮೀನ್ದಾರನಲ್ಲ. ಒಂದು ಪರಗಣೆಯ ಊರುಗಳ ಗೌಡರ ಮೇಲೆ ನಿಗಾ ಇಟ್ಟು ಕಂದಾಯ ವಸೂಲು ಮಾಡಿಸುವ ಹೊಣೆ ಅವನದು, ಲೆಕ್ಕ ದೇಶಪಾಂಡೆಯದು. ಅದಕ್ಕೆ ಪ್ರತಿಯಾಗಿ ಇನಾಮು ಭೂಮಿ, ಹಕ್ಕು, ಮರ್ಯಾದೆ. ವತನವೆಂಬ ಈ ಹುದ್ದೆ-ಹಕ್ಕು ವಂಶಪಾರಂಪರ್ಯವಾದ್ದರಿಂದ ವಾಡೆಯ ತೊಟ್ಟಿಲು ಖಾಲಿ ಉಳಿದರೆ ಅದು ಬರೀ ಮನೆಯ ದುಃಖವಾಗಿ ಉಳಿಯುತ್ತಿರಲಿಲ್ಲ. ರಾಣಿಯರ ನಡುವಿನ ಮನಸ್ತಾಪ, ದಾಯಾದಿಗಳ ತಕರಾರು, ಕಲೆಕ್ಟರ್ ಕಚೇರಿಯ ಅರ್ಜಿ ಎಲ್ಲವೂ ಒಂದೇ ಗಂಟು. ಕಿತ್ತೂರಿನ ದತ್ತಕವನ್ನು ಇಂಗ್ಲಿಷರು ಒಪ್ಪದೆ 1824ರಲ್ಲಿ ಯುದ್ಧವೇ ಆಯಿತು. ದತ್ತಕಕ್ಕೆ ಅನುಮತಿ ಸಿಗದ ನೋವು ನರಗುಂದದ ಬಾಬಾಸಾಹೇಬರನ್ನು 1858ರ ಬಂಡಾಯಕ್ಕೂ ಗಲ್ಲಿಗೂ ಒಯ್ದಿತು. ಇನಾಮು ಕಮಿಷನ್ ಬಂದ ಮೇಲೆ ಹಳೆಯ ಸನದುಗಳನ್ನು ತೋರಿಸಲಾಗದ ಎಷ್ಟೋ ಮನೆತನಗಳು ಇನಾಮು ಕಳೆದುಕೊಂಡವು.

ಇಂಥ ಕಾಲದಲ್ಲಿ, 1872ರಲ್ಲಿ, ಶಿರಸಂಗಿಯ ಜಾಯಪ್ಪ ದೇಸಾಯರು ಶಿಗ್ಲಿಯ ಗೌಡರ ಮನೆಯ ಹುಡುಗನನ್ನು ದತ್ತು ತೆಗೆದುಕೊಂಡರು. 1861ರಲ್ಲಿ ಹುಟ್ಟಿದ ಆ ಹುಡುಗನ ಹೆಸರು ರಾಮಪ್ಪ. ಹನ್ನೊಂದರ ವಯಸ್ಸು, ಹೆತ್ತವರ ಮುಖವನ್ನೂ ಆಡಿದ ಓಣಿಯನ್ನೂ ಚೆನ್ನಾಗಿ ಬಲ್ಲ ವಯಸ್ಸು. ದತ್ತಕವೆಂದರೆ ಹುಟ್ಟಿದ ಮನೆಯ ಹಕ್ಕು ಕಡಿದು ಇನ್ನೊಂದು ಮನೆಯ ತೊಡೆಯೇರುವುದು, ಹೆಸರನ್ನೂ ಬಿಟ್ಟುಕೊಡುವುದು. ರಾಮಪ್ಪ ಲಿಂಗರಾಜನಾದ. ಹೀಗೆ ಬೆಳೆದವನಿಗೆ ದೇಸಗತಿ, ಅಂದರೆ ದೇಸಾಯಿಯ ಅಧಿಕಾರ-ಆಸ್ತಿ, ಒಳಗಿಂದ ಹೇಗಿರುತ್ತದೆಂಬುದು ಯಾರೂ ಹೇಳದೆ ಗೊತ್ತಿತ್ತು. ಅವರು ಮುಂದೆ ಮಾಡಿದ್ದರ ಬೇರು ಇಲ್ಲೇ ಇದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಸಾರ್ವಜನಿಕ ಬದುಕಿನಲ್ಲಿ ಲಿಂಗರಾಜರದು ದೊಡ್ಡ ಹೆಸರು. ಹಾನಗಲ್ ಕುಮಾರಸ್ವಾಮಿಗಳ ಪ್ರೇರಣೆಯಿಂದ ಹುಟ್ಟಿದ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನ 1904ರಲ್ಲಿ ಧಾರವಾಡದಲ್ಲಿ ನಡೆದಾಗ ಅಧ್ಯಕ್ಷರಾಗಿ ಕೂತವರು ಅವರೇ. ಅದೇ ಮಹಾಸಭೆಯ 24ನೇ ಅಧಿವೇಶನಕ್ಕೆ 2023ರ ಡಿಸೆಂಬರಿನಲ್ಲಿ ನಮ್ಮ ದಾವಣಗೆರೆ ನೆರೆದದ್ದನ್ನು ನೋಡಿದವರು ಈ ಮೊದಲ ಹೆಸರನ್ನು ನೆನೆಯಬೇಕು.

ಅವರಿಗೂ ಬದುಕುಳಿದ ಮಕ್ಕಳಿರಲಿಲ್ಲ. ಮನೆತನದ ರೂಢಿ ನೋಡಿದರೆ ಇನ್ನೊಂದು ಊರಿನ ಇನ್ನೊಬ್ಬ ಹುಡುಗನನ್ನು ತಂದು, ಹೆಸರು ಬದಲಿಸಿ, ವಾಡೆಯಲ್ಲಿ ಕೂರಿಸಬೇಕು. ಲಿಂಗರಾಜರು ಅದನ್ನು ಮಾಡಲಿಲ್ಲ. 1906ರ ಆಗಸ್ಟ್ 23ರಂದು ತೀರಿಕೊಳ್ಳುವ ಮುನ್ನ ಉಯಿಲು ಬರೆದು, ಶಿರಸಂಗಿ–ನವಲಗುಂದ ದೇಸಗತಿಯ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆಂದು ಇಟ್ಟರು. ಆಗ ಅವರಿಗೆ ಇನ್ನೂ ನಲವತ್ತೈದು. ಇದನ್ನು ದಾನ ಎಂದಷ್ಟೇ ಹೇಳಿದರೆ ಸಾಲದು. ಒಬ್ಬ ವಾರಸುದಾರ ಕೂರಬೇಕಾದ ಜಾಗದಲ್ಲಿ ತಲೆಮಾರು ತಲೆಮಾರಿನ ವಿದ್ಯಾರ್ಥಿಗಳನ್ನು ಕೂರಿಸಿದ ನಿರ್ಧಾರ ಅದು. ಉಯಿಲಿನ ಮೇಲೆ ತಕರಾರು ಏಳದೆ ಇರಲಿಲ್ಲ. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಕೊನೆಗೆ ಉಯಿಲೇ ನಿಂತಿತು, ಟ್ರಸ್ಟ್ ಕೆಲಸಕ್ಕೆ ತೊಡಗಿತು, ವಿದ್ಯಾರ್ಥಿವೇತನ ಹಂಚಿಕೆಯಾಯಿತು. ಜನ ಅವರನ್ನು ತ್ಯಾಗವೀರ ಎಂದು ಕರೆದರು. 1916ರಲ್ಲಿ ಬೆಳಗಾವಿಯ ಒಂದು ಶಾಲೆಯಿಂದ ಶುರುವಾದ ಕೆ.ಎಲ್.ಇ. ಸಂಸ್ಥೆ 1933ರಲ್ಲಿ ಕಾಲೇಜು ತೆರೆದಾಗ ಅದಕ್ಕೆ ಇಟ್ಟದ್ದು ಲಿಂಗರಾಜರ ಹೆಸರನ್ನೇ.

ಮುಂದೆ 1950ರ ಮುಂಬಯಿ ಕಾಯ್ದೆ ಪರಗಣೆ ವತನಗಳನ್ನೇ ರದ್ದು ಮಾಡಿತು. 1974ರಿಂದ ಗೇಣಿ ಭೂಮಿ ಉಳುವವನದಾಯಿತು. ಅದು ಆಗಲೇಬೇಕಿದ್ದ ನ್ಯಾಯ. ಎಷ್ಟೋ ದೇಸಗತಿಗಳ ಹೆಸರು ಈಗ ಕೋರ್ಟಿನ ಕಡತಗಳಲ್ಲಷ್ಟೇ ಇದೆ. ಲಿಂಗರಾಜರದು ವರ್ಷಾವರ್ಷ ಕಾಲೇಜಿನ ಪ್ರವೇಶಪತ್ರಗಳ ಮೇಲೆ ಅಚ್ಚಾಗುತ್ತದೆ.

ಶಿರಸಂಗಿಗೆ ಹೋಗುವವರು ಸಾಮಾನ್ಯವಾಗಿ ಕಾಳಮ್ಮನ ಗುಡಿಗೆ ಹಣ್ಣುಕಾಯಿ ಮಾಡಿಸಿ ಬಸ್ಸು ಹತ್ತುತ್ತಾರೆ. ದೇಸಾಯರ ವಾಡೆಯೂ ಅದೇ ಊರಿನಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋದವರು ಅದನ್ನೂ ತೋರಿಸಿ, ಇದರ ಒಡೆಯ ಆಸ್ತಿಯನ್ನು ಯಾರ ಹೆಸರಿಗೆ ಬರೆದ ಎಂಬುದನ್ನು ಅಲ್ಲಿಯೇ ನಿಂತು ಹೇಳಲಿ.