ಮೂಸೆಯ ಉಕ್ಕು ಮತ್ತು ಶಾಖಸಹ ಉಕ್ಕು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ಕ್ಕೆ ಮೊದಲು ಜಗಳೂರು ಚಿತ್ರದುರ್ಗಕ್ಕೂ ಉಳಿದ ಸೀಮೆ ಶಿವಮೊಗ್ಗಕ್ಕೂ ಸೇರಿದ್ದಿತು. ಮೈಸೂರು ಸಂಸ್ಥಾನದ ಹಳೆಯ ಗೆಜೆಟಿಯರುಗಳು ಕಬ್ಬಿಣ ಕರಗಿಸುವ ಪ್ರದೇಶಗಳನ್ನು ಎಣಿಸುವಾಗ ಶಿವಮೊಗ್ಗ ಜಿಲ್ಲೆಯ ಪೂರ್ವಭಾಗವನ್ನು, ಎಂದರೆ ಚನ್ನಗಿರಿ ಹೊನ್ನಾಳಿಗಳ ಕಡೆಯನ್ನು, ಮರೆಯದೆ ಹೆಸರಿಸುತ್ತವೆ. ಜಗಳೂರಿನ ಮನೆಗಳೇ ಬಹುಮಟ್ಟಿಗೆ ಕಬ್ಬಿಣಗಲ್ಲಿನಿಂದ ಕಟ್ಟಿದವೆಂದೂ ಅವುಗಳಿಂದ ತಿಳಿಯುತ್ತದೆ. ಇಂತಹ ನಾಡಿನ ಹಳೆಯ ಉಕ್ಕೇ ಇಂದಿನ ವಿಮಾನಯಂತ್ರಗಳ ಶಾಖಸಹ ಉಕ್ಕಿನ ಪೂರ್ವಜವೆಂದು ವೇದಿಕೆಗಳ ಮೇಲೆ ಹೇಳುವವರುಂಟು. ವಿದ್ಯಾರ್ಥಿಗಳು ಅದನ್ನು ಉತ್ತರಪತ್ರಿಕೆಗಳಲ್ಲಿ ಬರೆಯುವುದೂ ಉಂಟು. ಈ ಮಾತಿನಲ್ಲಿ ಎಷ್ಟು ಹುರುಳಿದೆಯೆಂಬುದನ್ನು ಇಲ್ಲಿ ವಿಚಾರಿಸುವೆವು.

ಕಾದ ಉಕ್ಕಿಗೆ ಇಬ್ಬರು ಶತ್ರುಗಳು. ಮೊದಲನೆಯದು ಗಾಳಿಯ ಆಮ್ಲಜನಕ. ಸಾಮಾನ್ಯ ಉಕ್ಕು ಕೆಂಪಗೆ ಕಾದಾಗ ಅದರ ಮೈಮೇಲೆ ಕಬ್ಬಿಣದ ಆಕ್ಸೈಡಿನ ಹೊಪ್ಪಳಿಕೆ ಏಳುತ್ತದೆ. ಅದು ಉದುರಿದಂತೆ ಒಳಗಿನ ಲೋಹ ಮತ್ತೆ ತೆರೆದುಕೊಂಡು ಸವೆಯುತ್ತದೆ. ಉಕ್ಕಿನಲ್ಲಿ ಶೇಕಡ 10.5ಕ್ಕೆ ಕಡಿಮೆಯಿಲ್ಲದಷ್ಟು ಕ್ರೋಮಿಯಂ ಬೆರೆತಿದ್ದರೆ ಕಣ್ಣಿಗೆ ಕಾಣದಷ್ಟು ತೆಳುವಾದ ಕ್ರೋಮಿಯಂ ಆಕ್ಸೈಡಿನ ಪೊರೆಯೊಂದು ಹುಟ್ಟಿ ಮೈಗೆ ಅಂಟಿಕೊಂಡು ನಿಲ್ಲುತ್ತದೆ, ಹರಿದರೂ ತಾನೇ ಕೂಡಿಕೊಳ್ಳುತ್ತದೆ. ಇದೇ ತುಕ್ಕುಹಿಡಿಯದ ಉಕ್ಕಿನ ಗುಟ್ಟು. ಎರಡನೆಯ ಶತ್ರು ಭಾರ. ಹೆಚ್ಚಿನ ಶಾಖದಲ್ಲಿ ಸ್ಥಿರವಾದ ಭಾರವನ್ನು ಹೊತ್ತ ಲೋಹವು ತಿಂಗಳು ವರ್ಷಗಳ ಕಾಲದಲ್ಲಿ ಅರಗಿನಂತೆ ನಿಧಾನವಾಗಿ ಜಗ್ಗುತ್ತದೆ. ನಿಕ್ಕಲ್ ಬೆರೆತಾಗ ಉಕ್ಕಿನ ಪರಮಾಣುಗಳ ಜೋಡಣೆಯೇ ಬೇರೆಯಾಗಿ ಈ ಜಗ್ಗುವಿಕೆ ತಗ್ಗುತ್ತದೆ. ಸುಮಾರು ಶೇಕಡ 25ರಷ್ಟು ಕ್ರೋಮಿಯಂ, 20ರಷ್ಟು ನಿಕ್ಕಲ್ ಇರುವ ಉಕ್ಕು 1000 ಡಿಗ್ರಿ ಸೆಂಟಿಗ್ರೇಡನ್ನು ಮೀರಿದ ಶಾಖದಲ್ಲಿಯೂ ಕುಲುಮೆಯ ಭಾಗಗಳಿಗೆ ಒದಗುತ್ತದೆ. ಆದರೆ ಅದೇ ಉಕ್ಕನ್ನು 600ರಿಂದ 900 ಡಿಗ್ರಿಯ ನಡುವೆ ಬಹುಕಾಲ ಇಟ್ಟರೆ ಪೆಡಸಾಗುತ್ತದೆ. ಜೆಟ್ ಯಂತ್ರದ ಅತ್ಯಂತ ಬಿಸಿಯಾದ ಅಲಗುಗಳನ್ನು ಉಕ್ಕಿನಿಂದಲ್ಲ, ನಿಕ್ಕಲ್ ಪ್ರಧಾನವಾದ ಮಿಶ್ರಲೋಹಗಳಿಂದ ಮಾಡುತ್ತಾರೆ.

ಇನ್ನು ನಮ್ಮ ಹಳೆಯ ಉಕ್ಕು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಮೂಸೆಯ ಉಕ್ಕಿನ ತಯಾರಿಕೆಯನ್ನು ವಿವರವಾಗಿ ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಬಳ್ಳಿಯ ಹಸಿರೆಲೆ ಇಟ್ಟು ಬಾಯಿ ಮುಚ್ಚಿ ತಿದಿಯೊತ್ತುತ್ತಿದ್ದರು. ಸೊಪ್ಪು ಕಡ್ಡಿಗಳ ಇಂಗಾಲವು ಕಬ್ಬಿಣಕ್ಕೆ ಸೇರಿ ಅದು ಬೇಗ ಕರಗುತ್ತಿದ್ದಿತು. ಇಲ್ಲಿ ನಮ್ಮ ಗಮನ ಉಕ್ಕಿಗಿಂತ ಹೆಚ್ಚಾಗಿ ಮೂಸೆಯ ಮೇಲೆ ನಿಲ್ಲಬೇಕು. ದಕ್ಷಿಣ ಭಾರತದ ಮೂಸೆಗಳ ಮಣ್ಣಿಗೆ ಭತ್ತದ ಹೊಟ್ಟನ್ನು ಕಲಸುತ್ತಿದ್ದರು. ಹೊಟ್ಟು ಉರಿದಮೇಲೆ ಉಳಿದ ಸಿಲಿಕದ ಎಲುಬುಗೂಡು ಉಕ್ಕು ಕರಗುವ ಶಾಖದಲ್ಲಿಯೂ ಗೋಡೆಯನ್ನು ಕುಸಿಯಗೊಡುತ್ತಿರಲಿಲ್ಲ. ಶಾಖವನ್ನು ಸಹಿಸುವ ಪದಾರ್ಥದ ಸಮಸ್ಯೆಯನ್ನು ನಮ್ಮ ಕಮ್ಮಾರರು ಬಿಡಿಸಿದ್ದು ಲೋಹದಲ್ಲಲ್ಲ, ಮಣ್ಣಿನಲ್ಲಿ. ಅವರ ಉಕ್ಕು ಇಂಗಾಲದ ಉಕ್ಕು, ತುಕ್ಕು ಹಿಡಿಯುತ್ತಿದ್ದಿತು. ಅದನ್ನು ಶಾಖಸಹ ಉಕ್ಕೆಂದು ಕರೆಯುವುದು ಸರಿಯಲ್ಲ.

ಹಾಗೆಂದು ಸಂಬಂಧವೇ ಇಲ್ಲವೆನ್ನಲಾಗದು. 'ಉಕ್ಕು' ಎಂಬ ಕನ್ನಡ ಮಾತೇ ಆಂಗ್ಲರ ಬಾಯಲ್ಲಿ 'ವೂಟ್ಜ್' ಆಯಿತೆಂಬುದು ಬಹುಜನ ವಿದ್ವಾಂಸರ ಮತ. ಈ ವೂಟ್ಜನ್ನು 1819ರಲ್ಲಿ ವಿಶ್ಲೇಷಿಸಿದವನು ಮೈಕೇಲ್ ಫ್ಯಾರಡೆ. ಅದರ ಗುಣಕ್ಕೆ ಅಲ್ಯುಮಿನಿಯಂ ಕಾರಣವೆಂದು ಅವನು ಊಹಿಸಿದ್ದು ತಪ್ಪು. ಆದರೆ ಆ ತಪ್ಪೇ ಫಲ ಕೊಟ್ಟಿತು: ಸ್ಟೊಡಾರ್ಟನೊಡನೆ ಅವನು ಉಕ್ಕಿಗೆ ಪ್ಲಾಟಿನಂ, ರೋಡಿಯಂ, ನಿಕ್ಕಲ್, ಕ್ರೋಮಿಯಂಗಳನ್ನು ಬೆರೆಸಿ ನೋಡತೊಡಗಿದನು. 1821ರಲ್ಲಿ ಫ್ರಾನ್ಸಿನ ಬರ್ತಿಯೆ ಕ್ರೋಮಿಯಂ ಬೆರೆತ ಕಬ್ಬಿಣವು ಆಮ್ಲಗಳಿಗೆ ಜಗ್ಗದೆಂಬುದನ್ನು ಕಂಡನು. ಜರ್ಮನಿಯಲ್ಲಿ 1912ರಲ್ಲಿಯೂ ಷೆಫೀಲ್ಡಿನಲ್ಲಿ 1913ರಲ್ಲಿಯೂ ತುಕ್ಕುಹಿಡಿಯದ ಉಕ್ಕು ಕಾರ್ಖಾನೆಗೆ ಬಂದಿತು. ವಂಶಾವಳಿಯಲ್ಲಿ ನಮ್ಮ ಉಕ್ಕಿನ ಸ್ಥಾನ ಪಿತಾಮಹನದಲ್ಲ; ಪ್ರಶ್ನೆಯನ್ನು ಹುಟ್ಟಿಸಿದ ಅತಿಥಿಯದು.

ಚನ್ನಗಿರಿಯ ನೆಲದಲ್ಲಿ ಬೇರೊಂದು ವಿಚಾರ ಅಡಗಿದೆ. ಆ ತಾಲ್ಲೂಕಿನ ಮಸಣಿಕೆರೆ, ತಾವರೆಕೆರೆಗಳ ಸುತ್ತಣ ಕಬ್ಬಿಣದ ಅದಿರಿನಲ್ಲಿ ಟೈಟೇನಿಯಮ್ಮೂ ವೆನೇಡಿಯಮ್ಮೂ ಇವೆ. ಹನುಮಲಾಪುರದ ಶಿಲೆಗಳಲ್ಲಿ ಭೂವಿಜ್ಞಾನಿಗಳು ಪ್ಲಾಟಿನಂ ವರ್ಗದ ಲೋಹಗಳನ್ನು ಗುರುತಿಸಿದ್ದಾರೆ. ವೆನೇಡಿಯಂ ಇಂದು ಉಗಿಯಂತ್ರಗಳ ಶಾಖಸಹ ಉಕ್ಕಿನಲ್ಲಿ ಬಳಕೆಯಾಗುವ ಧಾತು. ಅಮೆರಿಕದ ವೆರ್‌ಹೋವೆನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಡಮಾಸ್ಕಸ್ ಖಡ್ಗಗಳ ಮೇಲಣ ಅಲೆಯಂತಹ ಗೆರೆಗಳಿಗೂ ಅತ್ಯಲ್ಪ ಪ್ರಮಾಣದ ವೆನೇಡಿಯಮ್ಮೇ ಮುಖ್ಯ ಕಾರಣ.

ಪಕ್ಕದ ಭದ್ರಾವತಿಯಲ್ಲಿ 1923ರಲ್ಲಿ ಇದ್ದಲಿನ ಊದುಕುಲುಮೆ ಹೊತ್ತಿತು. ಮುಂದೆ ಆ ಕಾರ್ಖಾನೆ ಮಿಶ್ರ ಉಕ್ಕುಗಳಿಗೆ ಹೆಸರಾಯಿತು. 2023ರ ಆರಂಭದಲ್ಲಿ ಅದನ್ನು ಮುಚ್ಚುವ ತೀರ್ಮಾನವಾದಾಗ ಕಾರ್ಮಿಕರು ಚಳವಳಿ ಹೂಡಿದರು. ಕಾರ್ಖಾನೆಯ ದಾಖಲೆಗಳೂ ಹಳ್ಳಿಯ ಕಿಟ್ಟದ ದಿಬ್ಬಗಳೂ ಒಂದೇ ಇತಿಹಾಸದ ಆಕರಗಳು. ಎರಡಕ್ಕೂ ಅಪಾಯ ಒಂದೇ ಬಗೆಯದು. ಕಿಟ್ಟದ ಕಲ್ಲನ್ನು ರಸ್ತೆಗೆ ಹಾಕುವುದಕ್ಕೆ ಮುನ್ನ ಒಂದು ಹಿಡಿಯನ್ನಾದರೂ ಪರೀಕ್ಷೆಗೆ ಕಳುಹಿಸಬಹುದು. ಅದಿರಿನ ಟೈಟೇನಿಯಂ ಕಬ್ಬಿಣಕ್ಕೆ ಇಳಿಯದೆ ಕಿಟ್ಟದಲ್ಲಿಯೇ ಉಳಿಯುವುದರಿಂದ, ಹೊನ್ನಾಳಿಯ ಕಮ್ಮಾರನು ತನ್ನೂರ ಹಳ್ಳದ ಕರಿಮರಳನ್ನು ಬಳಸಿದನೋ ಚನ್ನಗಿರಿಯ ಗುಡ್ಡದ ಅದಿರನ್ನು ತರಿಸಿದನೋ ಎಂಬುದರ ಸುಳಿವು ಆ ಹಿಡಿಯಲ್ಲಿಯೇ ದೊರೆಯುತ್ತದೆ. ನಮ್ಮ ಕಾಲೇಜುಗಳ ಇತಿಹಾಸ ಮತ್ತು ರಸಾಯನ ಶಾಸ್ತ್ರದ ವಿಭಾಗಗಳು ಕೂಡಿ ಮಾಡಬಹುದಾದ ಕೆಲಸವಿದು.