ಟೈರ್ ಬದಲಾದರೂ ಹೋಗದ ಸದ್ದು

ಕಳೆದ ವರ್ಷ ಗಣೇಶ ಹಬ್ಬಕ್ಕೆ ಪುಣೆಯಿಂದ ಹುಬ್ಬಳ್ಳಿಗೆ ಹೊರಡುವ ಮೊದಲೇ ಕಾರು ‘ಗುಂಯ್’ ಎನ್ನಲು ಶುರು ಮಾಡಿತ್ತು. 40ರ ವೇಗದಲ್ಲಿ ಏನೂ ಇಲ್ಲ, 60ಕ್ಕೆ ಸಣ್ಣಗೆ, 80 ದಾಟಿದರೆ ಪಕ್ಕದವರ ಮಾತೇ ಕೇಳಿಸದಷ್ಟು. ನಮ್ಮ ಬಡಾವಣೆಯ ಗ್ಯಾರೇಜಿನವನು ಕಾರು ಓಡಿಸಿಯೂ ನೋಡದೆ ‘ಟೈರ್ ಸವೆದಿದೆ’ ಎಂದ. ಮುಂದಿನ ಎರಡೂ ಟೈರ್ ಹೊಸದಾದವು. ಸದ್ದು ಮಾತ್ರ ಹಾಗೇ ಉಳಿಯಿತು.

ಸಾತಾರಾ, ಕರಾಡ ದಾಟಿ ಕೊಲ್ಹಾಪುರ ಮುಟ್ಟುವಾಗ ಧೈರ್ಯ ಸಾಲಲಿಲ್ಲ. ಹೆದ್ದಾರಿ ಬದಿಯ ಒಬ್ಬ ವಯಸ್ಸಾದ ಮೆಕ್ಯಾನಿಕ್ ಮೊದಲು ಮಾಡಿದ ಕೆಲಸ ನನ್ನ ಪಕ್ಕ ಕೂತು ಎರಡು ಕಿಲೋಮೀಟರ್ ಬಂದದ್ದು. 70ರಲ್ಲಿ ನ್ಯೂಟ್ರಲ್ ಹಾಕಿಸಿದರು. ಇಂಜಿನ್ ತಣ್ಣಗಾಯಿತು, ಗುಂಯ್ ನಿಲ್ಲಲಿಲ್ಲ. ಅಂದರೆ ಅದು ಇಂಜಿನ್ನಿನದಲ್ಲ, ಚಕ್ರದ ಕಡೆಯದು. ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಎಡಕ್ಕೆ, ಬಲಕ್ಕೆ ಎಳೆಯಲು ಹೇಳಿದರು. ಎಡಕ್ಕೆ ತಿರುಗಿದಾಗ ಕಾರಿನ ಭಾರ ಬಲಗಡೆಯ ಚಕ್ರದ ಮೇಲೆ ಬೀಳುತ್ತದೆ. ನಮ್ಮದು ಆಗಲೇ ಜೋರಾಗಿ ಕೂಗಿತು. ‘ಬೇರಿಂಗ್ ಗೇಲಂ,’ ಎಂದರು, ‘ಬಲಗಡೆಯದು.’

ಜ್ಯಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಾಡಿಸಿದರು. ಹೆಚ್ಚೇನೂ ಆಟ ಇರಲಿಲ್ಲ. ಇಲ್ಲಿಗೇ ಬಿಟ್ಟುಬಿಡುವವರು ಬಹಳ ಮಂದಿ. ಸದ್ದು ಮಾಡುವ ಬೇರಿಂಗ್ ಅಲುಗಾಡಲೇಬೇಕೆಂದಿಲ್ಲ. ಅವರು ನನ್ನ ಕೈಯನ್ನು ಸಸ್ಪೆನ್ಶನ್ ಸ್ಪ್ರಿಂಗ್ ಮೇಲೆ ಇರಿಸಿ ಚಕ್ರ ತಿರುಗಿಸಿದರು. ಬೀಸುವ ಕಲ್ಲಿಗೆ ಮರಳು ಸಿಕ್ಕಂತೆ ಬೆರಳಿಗೆ ತಾಗಿತು. ಎಡಗಡೆಯದು ಬೆಣ್ಣೆ.

ಟೈರಿನ ಸದ್ದು ಬೇರೆ. ಅದು ಡಾಂಬರಿನಿಂದ ಕಾಂಕ್ರೀಟಿಗೆ ಬಂದರೆ ಬದಲಾಗುತ್ತದೆ. ಮುಂದಿನ ಟೈರನ್ನು ಹಿಂದಕ್ಕೆ ಹಾಕಿದರೆ ಸದ್ದೂ ಹಿಂದಕ್ಕೆ ಹೋಗುತ್ತದೆ. ದುಡ್ಡಿಲ್ಲದ ಈ ಪರೀಕ್ಷೆ ಮಾಡಿದ್ದರೆ ನನ್ನ ಎರಡು ಟೈರಿನ ಖರ್ಚು ಉಳಿಯುತ್ತಿತ್ತು.

ನಡುಕ ಇನ್ನೊಂದು ಕಥೆ. 80ರಿಂದ 100ರ ನಡುವೆ ಮಾತ್ರ ಸ್ಟಿಯರಿಂಗ್ ನಡುಗಿದರೆ ಹೆಚ್ಚಾಗಿ ಮುಂದಿನ ಚಕ್ರದ ಬ್ಯಾಲೆನ್ಸಿಂಗ್ ತಪ್ಪಿದೆ, ಇಲ್ಲವೇ ಗುಂಡಿಗೆ ಬಿದ್ದು ರಿಮ್ ಸೊಟ್ಟಾಗಿದೆ. ಸ್ಟಿಯರಿಂಗ್ ಸುಮ್ಮನಿದ್ದು ಸೀಟು ನಡುಗಿದರೆ ಹಿಂದಿನ ಚಕ್ರ ನೋಡಿ. ಮಳೆಗಾಲದಲ್ಲಿ ಊರ ಕೆಸರು ರಿಮ್ಮಿನ ಒಳಬದಿ ಒಣಗಿ ಕೂತರೂ ಇದೇ ನಡುಕ. ನೀರು ಹೊಡೆದರೆ ಮಾಯ. ಬ್ರೇಕ್ ಒತ್ತಿದಾಗ ಮಾತ್ರವಾದರೆ ಡಿಸ್ಕ್ ಮೇಲೆ ಅನುಮಾನ. ಪೂರ್ತಿ ತಿರುಗಿಸಿ ಹೊರಟಾಗ ಟಕ್ ಟಕ್ ಎಂದರೆ ಅದು ಡ್ರೈವ್ ಶಾಫ್ಟಿನ ಜಾಯಿಂಟು, ಬೇರಿಂಗ್ ಅಲ್ಲ. ಟೈರ್ ಬದಲಿಸಿದ ಮರುದಿನವೇ ನಡುಕ ಬಂದರೆ ಬೇರೇನೂ ನೋಡದೆ ಮೊದಲು ನಟ್ಟು ಬಿಗಿಯಿದೆಯೇ ನೋಡಿ.

ಹಾಳಾದ ಬೇರಿಂಗ್ ಇಟ್ಟುಕೊಂಡು ‘ಊರು ಮುಟ್ಟಿದ ಮೇಲೆ ನೋಡೋಣ’ ಎನ್ನಬಾರದು. ಅದು ಕಾಯುತ್ತದೆ, ಸಡಿಲಾಗುತ್ತದೆ, ಕೊನೆಗೆ ಚಕ್ರವೇ ಹಿಡಿದುಕೊಳ್ಳಬಹುದು.

ಕೂರಿಸುವ ವಿಧಾನವೂ ಮುಖ್ಯ. ಒತ್ತಿ ಕೂರಿಸುವ ಬೇರಿಂಗ್ ಆದರೆ ಪ್ರೆಸ್ ಮಷಿನ್ ಬೇಕೇ ಬೇಕು. ಸುತ್ತಿಗೆಯಲ್ಲಿ ಬಡಿದರೆ ಹೊಸ ಬೇರಿಂಗಿನ ಒಳಗೆ ಗುಂಡುಗಳ ಅಚ್ಚು ಬಿದ್ದು ಕೆಲವೇ ತಿಂಗಳಲ್ಲಿ ಮತ್ತೆ ಗುಂಯ್. ಎಬಿಎಸ್ ಇರುವ ಹಲವು ಕಾರುಗಳಲ್ಲಿ ಬೇರಿಂಗಿನ ಒಂದು ಬದಿಗೆ ಮ್ಯಾಗ್ನೆಟ್ ಪಟ್ಟಿ ಇರುತ್ತದೆ. ಹಿಂದುಮುಂದಾಗಿ ಕೂರಿಸಿದರೆ ಎಬಿಎಸ್ ದೀಪ ಹತ್ತಿಕೊಳ್ಳುತ್ತದೆ. ಕೊಲ್ಹಾಪುರದವರ ಬಳಿ ಪ್ರೆಸ್ ಇರಲಿಲ್ಲ. ಅದನ್ನು ಮುಚ್ಚಿಡದೆ, ಭಾಗ ಬಿಚ್ಚಿ ಸ್ಕೂಟರಿನಲ್ಲಿ ವರ್ಕ್‌ಶಾಪಿಗೆ ಒಯ್ದು ಒತ್ತಿಸಿ ತಂದರು. ಮೂರು ತಾಸು ಹಿಡಿಯಿತು.

ನಿಪ್ಪಾಣಿ ದಾಟುವಾಗ ಕಾರಿನಲ್ಲಿ ಮಕ್ಕಳ ಜಗಳ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಪುಣೆಗೆ ಮರಳಿದ ಮೇಲೆ ಗ್ಯಾರೇಜಿಗೆ ಹೋಗಿ ನನ್ನ ಹಳೆಯ ಟೈರುಗಳನ್ನು ಕೇಳಿದೆ. ಆಗಲೇ ಮಾರಿಬಿಟ್ಟಿದ್ದ.