ಮೊಸರನ್ನ ಬಿಡಿಸುವ ಹತ್ತು ದಿನ

ನಾಯಿ ಸಾಕಿದ ಮನೆಗಳಲ್ಲಿ ಬೆಳಗಿನ ಎರಡನೇ ಕುಕ್ಕರ್ ಅದರ ಪಾಲಿನದು. ಒಂದು ಪಾವು ಅಕ್ಕಿ, ಒಂದಿಷ್ಟು ಚಿಕನ್, ಚಿಟಿಕೆ ಅರಿಸಿನ, ಮೂರು ವಿಸಿಲ್. ಮಾಂಸ ಮಾಡದ ಮನೆಯಲ್ಲಿ ಮೊಸರನ್ನ. ಮುಧೋಳದ ಕಡೆ ಜೋಳದ ರೊಟ್ಟಿ, ಹಾಲು. ಇದನ್ನೆಲ್ಲ ತಿಂದೇ ನಾಯಿಗಳು ನಮ್ಮ ಜೊತೆ ಬದುಕಿವೆ. ಅನ್ನ ನಾಯಿಗೆ ಆಗುವುದೇ ಇಲ್ಲ ಎನ್ನುವವರ ಮಾತಿಗೆ ಆಧಾರವಿಲ್ಲ. ಪಿಷ್ಟ ಅರಗಿಸಲು ಬೇಕಾದ ಎಎಂವೈ2ಬಿ ಎಂಬ ವಂಶವಾಹಿಯ ಪ್ರತಿಗಳು ತೋಳದಲ್ಲಿ 2 ಇದ್ದರೆ, ನಾಯಿಯಲ್ಲಿ 4ರಿಂದ 30ರವರೆಗೆ ಇವೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲೇ ತೋರಿಸಿದ್ದಾರೆ.

ಕೊರತೆ ಇರುವುದು ಬೇರೆ ಕಡೆ. ಬೆಂದ ಮೂಳೆ ಸೀಳಿ ಗಂಟಲಿಗೆ ಚುಚ್ಚೀತೆಂದು ಮನೆಯವರು ಕೂತು ಒಂದೊಂದನ್ನೂ ಆರಿಸಿ ತೆಗೆಯುತ್ತಾರೆ. ತೆಗೆಯಲೇಬೇಕು. ಆದರೆ ಕ್ಯಾಲ್ಸಿಯಂ ಅದರ ಜೊತೆಗೇ ಹೋಗುತ್ತದೆ. ಮೂಳೆ ಬಿಡಿಸಿದ 100 ಗ್ರಾಂ ಕೋಳಿಮಾಂಸದಲ್ಲಿ ರಂಜಕ ಸುಮಾರು 200 ಮಿಲಿಗ್ರಾಂ, ಕ್ಯಾಲ್ಸಿಯಂ 15ರ ಆಸುಪಾಸು. ನಾಯಿಗೆ ಕ್ಯಾಲ್ಸಿಯಂ ಕಡೇಪಕ್ಷ ರಂಜಕದಷ್ಟಾದರೂ ಇರಬೇಕು. ಸಾಲದೇ ಬಂದರೆ ದೇಹ ತನ್ನ ಮೂಳೆಯಿಂದಲೇ ಅದನ್ನು ಎಳೆದುಕೊಳ್ಳುತ್ತದೆ. ದೊಡ್ಡ ನಾಯಿ ಕೆಲಕಾಲ ತಡೆದುಕೊಂಡೀತು. ಮರಿಗೆ ಆ ಅವಕಾಶವಿಲ್ಲ: ಮುಂಗಾಲು ಬಿಲ್ಲಿನಂತೆ ಬಾಗುತ್ತದೆ, ಕುಂಟುತ್ತದೆ, ಸೋಫಾದಿಂದ ಜಿಗಿದರೂ ಮೂಳೆ ಮುರಿಯುತ್ತದೆ. ಮೊಸರನ್ನದಲ್ಲಿ ಸ್ವಲ್ಪ ಕ್ಯಾಲ್ಸಿಯಂ ಸಿಗುತ್ತದೆ ನಿಜ, ಆದರೆ ಪ್ರೋಟೀನು, ಸತು, ಕಬ್ಬಿಣ ಸಾಲದು. ಪುಸ್ತಕ ನೋಡಿ ಅಚ್ಚುಕಟ್ಟಾಗಿ ಮಾಡಿದರೂ ಪಾರಾಗುವುದು ಕಷ್ಟ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಶುವೈದ್ಯರು 2013ರಲ್ಲಿ 200 ಮನೆಯಡುಗೆಯ ಪಾಕವಿಧಾನಗಳನ್ನು ಪರಿಶೀಲಿಸಿದಾಗ ಶೇ 95ರಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಕಡಿಮೆಯಿತ್ತು.

ಒಣ ಆಹಾರಕ್ಕೆ ಹೋಗುವುದು ಈ ಕಾರಣಕ್ಕೆ. ಆದರೆ ಚೀಲದ ಮೇಲಿನ ಚಿತ್ರ ನೋಡಿ ಕೊಳ್ಳಬೇಡಿ, ಹಿಂಬದಿ ತಿರುಗಿಸಿ ಓದಿ. ಅಮೆರಿಕದ ಎಎಎಫ್‌ಸಿಒ ಅಥವಾ ಯುರೋಪಿನ ಫೆಡಿಯಾಫ್ ಮಾನದಂಡದಂತೆ ಇದು ಪರಿಪೂರ್ಣ ಆಹಾರ ಎಂದು ಬರೆದಿರಬೇಕು. ಮರಿಗೋ ದೊಡ್ಡ ನಾಯಿಗೋ ಎಂಬುದೂ ಇರಬೇಕು. ತೇವಾಂಶ ಕಳೆದ ಲೆಕ್ಕದಲ್ಲಿ ದೊಡ್ಡ ನಾಯಿಗೆ ಕನಿಷ್ಠ ಶೇ 18 ಪ್ರೋಟೀನು ಬೇಕು, ಮರಿಗೆ ಶೇ 22.5. ಅಂಗಡಿಯಲ್ಲಿ ಬಾಯಿ ತೆರೆದಿಟ್ಟ ಮೂಟೆಯಿಂದ ಕೆಜಿ ಲೆಕ್ಕದಲ್ಲಿ ಕವರಿಗೆ ತುಂಬಿ ಕೊಡುವ ಲೂಸ್ ಮಾಲು ಮಾತ್ರ ಬೇಡವೇ ಬೇಡ. ತಯಾರಾದ ದಿನಾಂಕ ಗೊತ್ತಿಲ್ಲ, ಕೊಬ್ಬು ಗಾಳಿಗೆ ಕಮಟಿರುತ್ತದೆ, ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ಬೂಷ್ಟು ಹಿಡಿಯಲು ಹೊತ್ತು ಬೇಕಿಲ್ಲ.

ಮರಿಯ ಜೊತೆ ಕ್ಯಾಲ್ಸಿಯಂ ಸಿರಪ್ಪನ್ನೂ ಕೈಗಿಟ್ಟು ಕಳಿಸುವ ಪದ್ಧತಿ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಮರಿಯ ಒಳ್ಳೆಯ ಆಹಾರದಲ್ಲಿ ಕ್ಯಾಲ್ಸಿಯಂ ಅಳತೆಯಲ್ಲೇ ಇರುತ್ತದೆ. ಎಳೆಯ ಮರಿಯ ಕರುಳಿಗೆ ಹೆಚ್ಚಾದದ್ದನ್ನು ತಡೆಯುವ ಶಕ್ತಿ ಇರುವುದಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ದೊಡ್ಡ ತಳಿಗಳಲ್ಲಿ ಮೂಳೆ, ಕೀಲು ಕೆಡುವುದು ಹೀಗೂ ಇದೆ. ವೈದ್ಯರು ಹೇಳದೆ ಆ ಬಾಟಲಿ ಮುಟ್ಟಬೇಡಿ.

ಬದಲಾವಣೆಗೆ ಹತ್ತು ದಿನ ಇಟ್ಟುಕೊಳ್ಳಿ. ಮೊದಲ ಮೂರು ದಿನ ಕಾಲು ಭಾಗ ಹೊಸದು, ಮುಕ್ಕಾಲು ಹಳೆಯದು; ಮುಂದಿನ ಮೂರು ದಿನ ಅರ್ಧರ್ಧ; ಆಮೇಲೆ ಮುಕ್ಕಾಲು ಹೊಸದು. ಅವಸರ ಮಾಡಿದರೆ ಭೇದಿ ಖಂಡಿತ. ಮಲ ಗಟ್ಟಿಯಾಗಿ, ನೆಲಕ್ಕೆ ಅಂಟದೆ ಎತ್ತಲು ಬರುವಂತಿದ್ದರೆ ಮುಂದಿನ ಹಂತಕ್ಕೆ ಹೋಗಿ, ಸಡಿಲವಾದರೆ ಅಲ್ಲೇ ಎರಡು ದಿನ ನಿಲ್ಲಿ. ಚಿಕನ್ನಿನ ರುಚಿ ಹತ್ತಿದ ನಾಯಿ ಮೂತಿ ತಿರುಗಿಸುತ್ತದೆ. ಉಗುರುಬೆಚ್ಚಗಿನ ನೀರು ಚಿಮುಕಿಸಿದರೆ ವಾಸನೆ ಏಳುತ್ತದೆ, ಎಷ್ಟೋ ನಾಯಿಗೆ ಅಷ್ಟು ಸಾಕು. ಇಪ್ಪತ್ತು ನಿಮಿಷ ಇಟ್ಟು, ತಿನ್ನದಿದ್ದರೆ ತೆಗೆದುಬಿಡಿ. ಮುಂದಿನ ಹೊತ್ತಿನವರೆಗೆ ಏನೂ ಬೇಡ. ಈ ಹಟ ಆರೋಗ್ಯವಾಗಿರುವ ದೊಡ್ಡ ನಾಯಿಯ ಜೊತೆ ಮಾತ್ರ. ಮರಿಯನ್ನು ಉಪವಾಸ ಕೆಡವಬಾರದು. ಕಿಡ್ನಿ, ಮೇದೋಜೀರಕ ಗ್ರಂಥಿ ಅಥವಾ ಸಕ್ಕರೆ ಕಾಯಿಲೆಯ ನಾಯಿಗೆ ಏನನ್ನು ಬದಲಿಸುವುದಿದ್ದರೂ ವೈದ್ಯರನ್ನು ಕೇಳಿಯೇ ಬದಲಿಸಬೇಕು.

ಒಗ್ಗಿಕೊಂಡ ಮೇಲೆ ತೊಡಕು ಬರುವುದು ಮನೆಯವರ ಕಡೆಯಿಂದ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ 10 ಕೆಜಿ ತೂಕದ ನಾಯಿಗೆ ದಿನಕ್ಕೆ ಸುಮಾರು 630 ಕಿಲೋ ಕ್ಯಾಲರಿ ಬೇಕು. ಒಣ ಆಹಾರದಲ್ಲಿ ಅದು 170 ಗ್ರಾಂನಷ್ಟೇ, ಎರಡು ಹೊತ್ತಿಗೆ ಹಂಚಿದರೆ ಬಟ್ಟಲಿನ ತಳ ಕಾಣುತ್ತಿರುತ್ತದೆ. ತಪ್ಪಲೆ ತುಂಬ ಅನ್ನ ಬಡಿಸಿದ ಕೈಗೆ ಇದನ್ನು ನೋಡಲಾಗದು. ‘ಅಯ್ಯೋ, ಇಷ್ಟಕ್ಕೆ ಹೊಟ್ಟೆ ತುಂಬುತ್ತೇನೋ ಮಗಾ?’ ಎಂದು ಅಜ್ಜಿ ಒಂದು ಇಡ್ಲಿ ಹಾಕುತ್ತಾರೆ, ಮಗ ಬಿಸ್ಕತ್ತು, ಸೊಸೆ ಮತ್ತೊಂದು ಹಿಡಿ. ಈ ಕರುಣೆ ಆಯುಷ್ಯವನ್ನೇ ತಿನ್ನುತ್ತದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆಯವರೆಗೆ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಜೊತೆಗಾರನಿಗಿಂತ ಕಾಲು ಭಾಗ ಕಡಿಮೆ ತಿಂದವುಗಳ ಮಧ್ಯಮ ಆಯುಷ್ಯ 13 ವರ್ಷ, ಉಳಿದವುಗಳದು 11.2. ಆದ್ದರಿಂದ ಲೋಟದ ಅಂದಾಜು ಬಿಟ್ಟು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಬೆರಳಾಡಿಸಿದರೆ ಸುಲಭವಾಗಿ ಸಿಗಬೇಕು.

ನೀರಿನ ಬಟ್ಟಲು ಮೊದಲಿಗಿಂತ ಬೇಗ ಖಾಲಿಯಾದರೆ ಗಾಬರಿ ಬೇಡ. ಬೆಂದ ಅನ್ನದಲ್ಲಿ ಶೇ 70ರಷ್ಟು ನೀರೇ ಇರುತ್ತಿತ್ತು, ಇದರಲ್ಲಿ ಶೇ 10ರ ಸುಮಾರು. ಎರಡು ಕಡೆ ನೀರಿಟ್ಟರೆ ಒಳ್ಳೆಯದು.

ಮನೆಯ ತುತ್ತನ್ನು ಪೂರ್ತಿ ನಿಲ್ಲಿಸಬೇಕೆಂದಿಲ್ಲ. ದಿನದ ಕ್ಯಾಲರಿಯಲ್ಲಿ ಹತ್ತರಲ್ಲಿ ಒಂದು ಪಾಲು ಅದಕ್ಕೆ ಸಲ್ಲಲಿ, ಅಷ್ಟು ಒಣ ಆಹಾರ ಕಡಿಮೆ ಮಾಡಿ. 10 ಕೆಜಿಯ ನಾಯಿಗೆ ಅದೆಂದರೆ ಹೆಚ್ಚುಕಡಿಮೆ ಒಂದು ಬೇಯಿಸಿದ ಮೊಟ್ಟೆ, ಇಲ್ಲವೇ ಉಪ್ಪು, ಒಗ್ಗರಣೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಸೋಕದ ನಾಲ್ಕು ಚಮಚ ಮೊಸರನ್ನ.